ರಬ್ಬರ್ ಶೆಡ್ಡಿನ ಫಾರ್ಮಿಕ್ ಆಸಿಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ಇರುವ ಮನೆ ಅಂದರೆ ಶೆಡ್ಡಿನ ಮೂಲೆಯಲ್ಲಿ ಒಂದು ಆಸಿಡ್ ಕ್ಯಾನ್ ಇದ್ದೇ ಇರುತ್ತದೆ. ಅಡಿಕೆಗೆ ಬಿಡುವ ಮದ್ದಿಗೆ ಇರುವಷ್ಟು ಹೆದರಿಕೆ ನಮಗೆ ಅದರ ಮೇಲೆ ಇಲ್ಲ. ಟ್ಯಾಪಿಂಗ್ ಮಾಡುವವರು (ಮರ ಕೆತ್ತಿ ರಬ್ಬರ್ ಹಾಲು ಇಳಿಸುವವರು), ಹೊಸದಾಗಿ ಆ ಹಾಲಿನಿಂದ ರಬ್ಬರ್ ಶೀಟ್ ಮಾಡಲು ಹೊರಟವರು, ಮದುವೆಯಾಗಿ ರಬ್ಬರ್ ಮನೆಗೆ ಬಂದ ಹೆಣ್ಣುಮಕ್ಕಳು ನನ್ನಲ್ಲಿ ಕೇಳುತ್ತಾ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಹಾಕಿದ್ದೇನೆ.

## ಶುರುವಿನ ಪ್ರಶ್ನೆಗಳು

ಇದು ಬ್ಯಾಟರಿಗೆ ಹಾಕುವ ಆಸಿಡ್ಡೇ ಅಲ್ವಾ?

ಅಲ್ಲ. ಬ್ಯಾಟರಿಯಲ್ಲಿರುವುದು ಸಲ್ಫ್ಯೂರಿಕ್ ಆಸಿಡ್. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ನಾವು ಬಳಸುವುದು ಫಾರ್ಮಿಕ್ ಆಸಿಡ್. ಇದು ಸಾವಯವ ಆಮ್ಲ, ವಿನೆಗರ್‌ನಲ್ಲಿರುವ ಅಸಿಟಿಕ್ ಆಸಿಡ್‌ನ ಹತ್ತಿರದ ಸಂಬಂಧಿ. ಆದರೆ ಅದಕ್ಕಿಂತ ಜೋರು. 'ಸಾವಯವ' ಎಂಬ ಮಾತು ಕೇಳಿ ಸಾವಯವ ಗೊಬ್ಬರದ ಹಾಗೆ ಸಾಧು ಅಂದುಕೊಳ್ಳಬೇಡಿ. ಅಣುವಿನಲ್ಲಿ ಇಂಗಾಲ ಇದೆ ಎಂಬುದಷ್ಟೇ ಅದರ ಅರ್ಥ.

ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 85% ಸಾಂದ್ರತೆಯದ್ದು. ಉಳಿದದ್ದು ನೀರು. ನೋಡಲೂ ನೀರಿನ ಹಾಗೇ ಇರುತ್ತದೆ, ಬಣ್ಣವಿಲ್ಲ. ವಾಸನೆ ಮಾತ್ರ ಮೂಗಿಗೆ ಚುಚ್ಚುತ್ತದೆ. ಒಂದು ಲೀಟರ್ ತೂಗಿದರೆ 1.2 ಕೆ.ಜಿ. ಬರುತ್ತದೆ.

ಇರುವೆಯಲ್ಲೂ ಇದೇ ಇರುವುದಂತೆ. ಚಗಳಿ ಚಟ್ನಿ ತಿನ್ನುವುದಿಲ್ವಾ ನಾವು? ಮತ್ತೆ ಯಾಕೆ ಹೆದರಬೇಕು?

ಇರುವೆಯಲ್ಲಿ ಇರುವುದು ಹೌದು. 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಎಂಬ ನಿಸರ್ಗ ಶಾಸ್ತ್ರಜ್ಞ ಸತ್ತ ಇರುವೆಗಳನ್ನು ಬಟ್ಟಿ ಇಳಿಸಿ ಈ ಆಮ್ಲ ತೆಗೆದದ್ದನ್ನು ಬರೆದಿಟ್ಟ. ಲ್ಯಾಟಿನ್‌ನಲ್ಲಿ ಇರುವೆಗೆ 'ಫಾರ್ಮಿಕಾ' ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದಲೇ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಕಚ್ಚಿದಾಗ ಆಗುವ ಉರಿಯಲ್ಲಿ ಇದರದ್ದೂ ಪಾಲಿದೆ. ಅದು ಕಚ್ಚಿದ ಜಾಗಕ್ಕೆ ಹೊಟ್ಟೆಯ ತುದಿಯಿಂದ ಈ ಹುಳಿ ಚಿಮ್ಮಿಸುತ್ತದೆ.

ಆದರೆ ಒಂದು ಚಗಳಿ ಚಿಮ್ಮಿಸುವುದು ಕಣ್ಣಿಗೂ ಸರಿಯಾಗಿ ಕಾಣದಷ್ಟು. ಕ್ಯಾನಿನಲ್ಲಿರುವುದು 35 ಕೆ.ಜಿ. ಹುಣಸೆಹಣ್ಣಿನ ಸಾರು ಕುಡಿಯುತ್ತೇವೆ ಅಂತ ಟಾರ್ಟಾರಿಕ್ ಆಸಿಡ್ ಪುಡಿ ಮುಕ್ಕುವುದಿಲ್ಲವಲ್ಲ.

ನಮ್ಮ ಅಪ್ಪ ಇಪ್ಪತ್ತು ವರ್ಷ ಬರಿಗೈಯಲ್ಲೇ ಹಾಲು ಹೆಪ್ಪುಗಟ್ಟಿಸುವ ಡಿಶ್‌ನಲ್ಲಿ ಕಲಸಿದ್ದಾರೆ, ಏನೂ ಆಗಲಿಲ್ಲ. ನೀವು ಸುಮ್ನೆ ಹೆದರಿಸ್ತೀರಾ?

ನಿಮ್ಮ ಅಪ್ಪ ಕಲಸಿದ್ದು ನೀರು ಸೇರಿಸಿದ ಆಸಿಡ್ಡನ್ನು. ಹಾಲಿಗೆ ಹಾಕುವಾಗ ಅದು 1% ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಅದರಿಂದ ಕೈ ಒಣಗುತ್ತದೆ, ಉಗುರಿನ ಬದಿ ಸಿಪ್ಪೆ ಏಳುತ್ತದೆ, ಗಾಯವಿದ್ದರೆ ಉರಿಯುತ್ತದೆ. ಅಷ್ಟೇ. 85% ಇರುವುದು ಬೇರೆಯೇ ವಸ್ತು. ಚರ್ಮ ಬೆಂದು ಬೊಬ್ಬೆ ಬರುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಅಪಾಯ ಇರುವುದು ದಿನದಲ್ಲಿ ಎರಡೇ ನಿಮಿಷ. ಕ್ಯಾನಿನಿಂದ ಆಸಿಡ್ ತೆಗೆದು ನೀರಿಗೆ ಸೇರಿಸುವ ತನಕ. ಆ ಎರಡು ನಿಮಿಷ ಸರಿ ಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಆಯಿತು.

ನೀರಿಗೆ ಆಸಿಡ್ ಹಾಕುವುದಾ, ಆಸಿಡ್‌ಗೆ ನೀರು ಹಾಕುವುದಾ? ಅಳತೆ ಎಷ್ಟು?

ಯಾವತ್ತೂ ನೀರಿಗೆ ಆಸಿಡ್. ಮೊದಲು ಬಕೆಟ್‌ನಲ್ಲಿ ಅಳತೆ ನೀರು ತುಂಬಿಸಿ ಇಟ್ಟುಕೊಳ್ಳಿ, ಆಮೇಲೆ ಕ್ಯಾನಿನ ಮುಚ್ಚಳ ತೆಗೆಯಿರಿ. ಸಲ್ಫ್ಯೂರಿಕ್‌ನಷ್ಟು ಇದು ಬಿಸಿಯಾಗಿ ಕುದಿಯುವುದಿಲ್ಲ ನಿಜ. ಆದರೂ ಗಟ್ಟಿ (ನೀರು ಸೇರಿಸದ) ಆಸಿಡ್ ಮೇಲೆ ನೀರು ಬಿದ್ದರೆ ಸಿಡಿಯುವುದು ಆಸಿಡ್. ನೀರಿಗೆ ಆಸಿಡ್ ಬಿದ್ದರೆ ಸಿಡಿಯುವುದು ಹೆಚ್ಚುಕಡಿಮೆ ನೀರೇ.

ಲೆಕ್ಕ ಸುಲಭ. ಒಂದು ಲೀಟರ್ ನೀರಿಗೆ 10 ಮಿಲಿ ಲೀಟರ್ ಹಾಕಿದರೆ ಸುಮಾರು 1% ದ್ರಾವಣ. ಸೋಸಿದ ಹಾಲಿಗೆ ನೀರು ಸೇರಿಸಿ ರಬ್ಬರ್ ಅಂಶ 12.5%ಗೆ ತಂದರೆ 4 ಲೀಟರ್ ಹಾಲಿನಿಂದ ಅರ್ಧ ಕೆ.ಜಿ.ಯ ಒಂದು ಶೀಟ್ ಬರುತ್ತದೆ. ಅದಕ್ಕೆ ಬೇಕಾಗುವ ಗಟ್ಟಿ ಆಸಿಡ್ ಎರಡು ಮೂರು ಮಿಲಿ ಲೀಟರ್ ಅಷ್ಟೇ. ಅಂದೇ ಶೀಟ್ ಮಾಡುವುದಾದರೆ ಸ್ವಲ್ಪ ಜಾಸ್ತಿ, ಮಾರನೇ ದಿನ ಮಾಡುವುದಾದರೆ ಕಡಿಮೆ. ಹಾಲು ಕೆಡದಂತೆ ಅಮೋನಿಯ ಹಾಕಿದ್ದರೆ ಅದನ್ನು ಮುರಿಯಲು ಇನ್ನಷ್ಟು ಬೇಕು.

"ಬೇಗ ಹೆಪ್ಪಾಗಲಿ" ಅಂತ ಮುಚ್ಚಳದಲ್ಲಿ ಕಣ್ಣಂದಾಜಿಗೆ ಸುರಿಯುವವರೇ ಜಾಸ್ತಿ. ಜಾಸ್ತಿ ಆಸಿಡ್ ಹಾಕಿದ ಶೀಟ್ ಒಣಗಲು ತಡ ಮಾಡುತ್ತದೆ, ಅಂಟಂಟಾಗುತ್ತದೆ. ದುಡ್ಡೂ ದಂಡ. 10 ರೂಪಾಯಿಯ ಪ್ಲಾಸ್ಟಿಕ್ ಅಳತೆ ಕಪ್ ಒಂದನ್ನು ಆಸಿಡ್‌ಗೇ ಅಂತ ಮೀಸಲಿಡಿ.

## ಶೆಡ್ಡಿನ ಕೆಲಸ

ದೊಡ್ಡ ಕ್ಯಾನಿನಿಂದ ಆಸಿಡ್ ತೆಗೆಯುವುದು ಹೇಗೆ? ಪೈಪ್ ಹಾಕಿ ಬಾಯಲ್ಲಿ ಎಳೆದರೆ ಸುಲಭ ಅಲ್ವಾ?

ಬಾಯಲ್ಲಿ ಎಳೆಯುವುದನ್ನು ದಯವಿಟ್ಟು ಇವತ್ತೇ ಬಿಡಿ. ಪೆಟ್ರೋಲ್ ಎಳೆದು ಅಭ್ಯಾಸ ಇದೆ ಅಂತ ಹೇಳುತ್ತಾರೆ. ಪೆಟ್ರೋಲ್ ಬಾಯಿಗೆ ಬಂದರೆ ಉಗುಳಬಹುದು. ಇದು ಬಂದರೆ ನಾಲಿಗೆ, ಗಂಟಲು ಒಂದೇ ಕ್ಷಣದಲ್ಲಿ ಸುಡುತ್ತದೆ. ಗಾಬರಿಯಲ್ಲಿ ಉಸಿರೆಳೆದರೆ ಶ್ವಾಸಕೋಶಕ್ಕೂ ಹೋಗುತ್ತದೆ.

ಕೈಯಲ್ಲಿ ಒತ್ತುವ ಪ್ಲಾಸ್ಟಿಕ್ ಪಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಬ್ಬಿಣದ ಸ್ಪ್ರಿಂಗ್ ಇಲ್ಲದ್ದನ್ನು ನೋಡಿ ತನ್ನಿ. ಪಂಪ್ ಇಲ್ಲದಿದ್ದರೆ ಇಬ್ಬರು ಸೇರಿ ಬಗ್ಗಿಸಿ. ಕ್ಯಾನ್ ತುಂಬ ಇರುವಾಗ ಗಾಳಿ ಒಳಗೆ ಹೋಗಲು ದಾರಿ ಸಾಲದೆ 'ಗುಳುಂ ಗುಳುಂ' ಅಂತ ಎಗರುತ್ತದೆ, ಸಿಡಿಯುವುದು ಆಗಲೇ. ಬಾಯಿ ಮೇಲ್ಬದಿಗೆ ಬರುವಂತೆ ಕ್ಯಾನನ್ನು ತಿರುಗಿಸಿಟ್ಟು ನಿಧಾನ ಬಗ್ಗಿಸಿದರೆ ಗಾಳಿ ಆಡುತ್ತದೆ, ಧಾರೆ ಸಮವಾಗಿ ಬರುತ್ತದೆ. ಎಣ್ಣೆ ಡಬ್ಬ ಸುರಿಯುವಾಗ ಮಾಡುತ್ತೇವಲ್ಲ, ಹಾಗೆಯೇ. ಇನ್ನೂ ಒಳ್ಳೆಯದೆಂದರೆ ತಿಂಗಳಿಗೊಮ್ಮೆ 5 ಲೀಟರ್ ಕ್ಯಾನಿಗೆ ವರ್ಗಾಯಿಸಿಕೊಂಡು ದಿನಾ ಅದರಿಂದ ತೆಗೆಯುವುದು. ಸಣ್ಣ ಕ್ಯಾನಿನ ಮೇಲೂ 'ಆಸಿಡ್' ಎಂದು ದೊಡ್ಡದಾಗಿ ಬರೆಯಬೇಕು. ಕನ್ನಡ ಬಾರದ ಕೆಲಸದವರಿದ್ದರೆ ಮಲಯಾಳಂ, ತಮಿಳಿನಲ್ಲೂ ಬರೆಸಿ. ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳು ಎಷ್ಟೋ ವರ್ಷದಿಂದ ಟ್ಯಾಪಿಂಗ್ ಮಾಡುತ್ತಿವೆ, ನಮ್ಮ ತೋಟಗಳಿಗೂ ಬರುತ್ತಾರೆ.

ಯಾವ ಗ್ಲೌಸ್ ಹಾಕಬೇಕು? ಬಟ್ಟೆಯದ್ದು ಆಗ್ತದಾ?

ಬಟ್ಟೆಯ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಆಸಿಡ್ ಹೀರಿಕೊಂಡು ಚರ್ಮಕ್ಕೆ ಅಂಟಿಸಿ ಹಿಡಿಯುತ್ತದೆ. ಚರ್ಮದ ಗ್ಲೌಸೂ ಬೇಡ. ನಿಯೋಪ್ರೀನ್ ಅಥವಾ ಬ್ಯುಟೈಲ್ ರಬ್ಬರ್‌ನ ದಪ್ಪ ಗ್ಲೌಸ್ ಉತ್ತಮ. ಆಸ್ಪತ್ರೆಯಲ್ಲಿ ಹಾಕುವ ತೆಳು ನೀಲಿ ಗ್ಲೌಸ್ ಗಟ್ಟಿ ಆಸಿಡ್ ಎದುರು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಒಂದು ಹನಿ ಬಿದ್ದರೂ ಕಳಚಿ ಕೈ ತೊಳೆಯಬೇಕು.

ಒಂದು ವಿಚಿತ್ರ ಹೇಳುತ್ತೇನೆ. ನೈಲಾನ್ ಈ ಆಸಿಡ್‌ನಲ್ಲಿ ಸಕ್ಕರೆಯ ಹಾಗೆ ಕರಗುತ್ತದೆ. ಬಟ್ಟೆ ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ನೂಲು ನೈಲಾನ್ ಹೌದೋ ಅಲ್ಲವೋ ನೋಡಲು ಇದನ್ನೇ ಬಳಸುತ್ತಾರೆ. ಹಾಗಾಗಿ ನೈಲಾನ್ ಸೀರೆ, ನೈಲಾನ್ ಹಗ್ಗದಲ್ಲಿ ಕಟ್ಟಿದ ಕ್ಯಾನ್ ಯಾವುದೂ ಬೇಡ.

ಕೈಗಿಂತ ಮುಖ್ಯ ಕಣ್ಣು. ಬದಿಯೂ ಮುಚ್ಚುವ ಕನ್ನಡಕ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಗ್ಲೌಸ್, ಕನ್ನಡಕ ಎರಡರಲ್ಲಿ ಒಂದೇ ತರುವಷ್ಟು ದುಡ್ಡಿದ್ದರೆ ಕನ್ನಡಕ ತನ್ನಿ ಅಂತ ನಾನು ಹೇಳುವುದು. ಕೈಯ ಗಾಯ ಮಾಯುತ್ತದೆ. ಕಾಲಿಗೆ ಹವಾಯಿ ಚಪ್ಪಲಿಯ ಬದಲು ಗಂಬೂಟು.

ಎಲ್ಲಿ ಇಡಬೇಕು? ಹಳೆ ಬಾಟ್ಲಿಯಲ್ಲಿ ಸ್ವಲ್ಪ ತುಂಬಿಸಿ ಇಟ್ಟುಕೊಳ್ಳಬಹುದಾ?

ನೀರಿನ ಬಾಟ್ಲಿ, ಸೋಡಾ ಬಾಟ್ಲಿ, ಕ್ವಾರ್ಟರ್ ಬಾಟ್ಲಿ ಯಾವುದರಲ್ಲೂ ಬೇಡ. ಬೆಳಗ್ಗೆ ಐದು ಗಂಟೆಗೆ ಟ್ಯಾಪಿಂಗ್ ಶುರು ಮಾಡಿ ಹತ್ತು ಗಂಟೆಗೆ ಬಾಯಾರಿ ಬಂದ ಮನುಷ್ಯ ಬಾಟ್ಲಿಯಲ್ಲಿ ನೀರಿನ ಹಾಗೆ ಕಂಡದ್ದನ್ನು ಎತ್ತಿ ಕುಡಿಯುತ್ತಾನೆ. ತಪ್ಪು ಅವನದ್ದಲ್ಲ.

ಬಂದ ಕ್ಯಾನಿನಲ್ಲೇ, ನೆರಳಲ್ಲಿ, ನೆಲದ ಮೇಲೆ, ಬೀಗ ಹಾಕುವ ಜಾಗದಲ್ಲಿ ಇಡಿ. ಅಟ್ಟದಲ್ಲಿ ಬೇಡ, ತಲೆಗಿಂತ ಎತ್ತರದಿಂದ ಇಳಿಸುವಾಗ ಜಾರಿದರೆ ಮುಗಿಯಿತು. ಶೀಟ್ ಒಣಗಿಸುವ ಹೊಗೆಮನೆಯ ಒಳಗೂ ಬೇಡ. ಕಬ್ಬಿಣದ ಡ್ರಮ್ಮನ್ನು ತಿಂದು ತೂತು ಮಾಡುತ್ತದೆ.

ಬೀಗದ ಬಗ್ಗೆ ಇನ್ನೊಂದು ಮಾತು. ರಬ್ಬರ್ ಊರುಗಳಲ್ಲಿ ಜೀವ ಕಳೆದುಕೊಳ್ಳಲು ಈ ಕ್ಯಾನಿಗೆ ಕೈ ಹಾಕಿದವರು ಇದ್ದಾರೆ. ಕೇರಳದ ವೈದ್ಯರು ಇದರ ಬಗ್ಗೆ ಬಹಳ ಕಾಲದಿಂದ ಬರೆಯುತ್ತಿದ್ದಾರೆ. ಮನೆಯಲ್ಲಿ ಯಾರದ್ದಾದರೂ ಮನಸ್ಸು ಕುಗ್ಗಿದೆ ಅನಿಸಿದರೆ ಕ್ಯಾನನ್ನು ಕೆಲವು ದಿನ ಬೇರೆ ಮನೆಗೆ ಸಾಗಿಸಿ, ಅವರ ಹತ್ತಿರ ಕೂತು ಮಾತಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬೇಸಿಗೆಯಲ್ಲಿ ಕ್ಯಾನ್ ಉಬ್ಬಿ ನಿಂತಿದೆ. ಒಡೆಯುತ್ತದಾ?

ಒಡೆಯುವುದೂ ಉಂಟು. ಫಾರ್ಮಿಕ್ ಆಸಿಡ್ ಇಟ್ಟಲ್ಲೇ ನಿಧಾನವಾಗಿ ನೀರು ಮತ್ತು ಕಾರ್ಬನ್ ಮಾನಾಕ್ಸೈಡ್ ಆಗಿ ಒಡೆಯುತ್ತಿರುತ್ತದೆ. ಸೆಕೆ ಜಾಸ್ತಿಯಾದಷ್ಟು, ಆಸಿಡ್ ಗಟ್ಟಿಯಾದಷ್ಟು ವೇಗ ಜಾಸ್ತಿ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ವಿಷ. ಉಬ್ಬಿದ ಕ್ಯಾನನ್ನು ಹೊರಗೆ ನೆರಳಿಗೆ ತಂದು ತಣಿಯಲು ಬಿಡಿ. ಆಮೇಲೆ ಕನ್ನಡಕ, ಗ್ಲೌಸ್ ಹಾಕಿ, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. 'ಸುಸ್' ಎಂದು ಗಾಳಿ ಹೋಗಿ ಮುಗಿದ ಮೇಲೆ ಪೂರ್ತಿ ತೆಗೆಯಿರಿ. ಕೆಲವು ಕ್ಯಾನಿನ ಮುಚ್ಚಳದಲ್ಲೇ ಗಾಳಿ ಬಿಡುವ ಸಣ್ಣ ದಾರಿ ಇರುತ್ತದೆ. ಸೋರುತ್ತದೆ ಅಂತ ಅದನ್ನು ಎಂ-ಸೀಲ್ ಹಾಕಿ ಮುಚ್ಚಿದವರನ್ನು ನಾನು ನೋಡಿದ್ದೇನೆ.

## ಅವಘಡ ಆದಾಗ

ಕೈಗೆ, ಕಾಲಿಗೆ ಬಿದ್ದರೆ ಮೊದಲು ಏನು ಮಾಡಬೇಕು? ಸುಣ್ಣ ಹಚ್ಚಿದರೆ ಹುಳಿ ಮುರಿಯುತ್ತದಲ್ಲ?

ನೀರು. ಬರೀ ನೀರು. ಹರಿಯುವ ನೀರಿನಡಿ ಕನಿಷ್ಠ 20 ನಿಮಿಷ, ಗಡಿಯಾರ ನೋಡಿಕೊಂಡು. ಆಸಿಡ್ ಬಿದ್ದ ಬಟ್ಟೆ, ಚಪ್ಪಲಿ, ಉಂಗುರ, ಕಾಲುಂಗುರ ತೊಳೆಯುತ್ತಲೇ ತೆಗೆಯಿರಿ. ನಾಚಿಕೆ ಆಮೇಲೆ.

ಸುಣ್ಣ, ಸೋಡಾ ಚರ್ಮದ ಮೇಲೆ ಬೇಡ. ಹುಳಿ ಮುರಿಯುವಾಗ ಬಿಸಿ ಹುಟ್ಟುತ್ತದೆ, ಸುಟ್ಟ ಚರ್ಮ ಇನ್ನೊಮ್ಮೆ ಸುಡುತ್ತದೆ. ಸುಣ್ಣವೂ ಚರ್ಮ ತಿನ್ನುವ ವಸ್ತುವೇ. ತೆಂಗಿನೆಣ್ಣೆ, ಟೂತ್‌ಪೇಸ್ಟ್ ಕೂಡ ಬೇಡ.

ನಾನೇ ಒಮ್ಮೆ ಹವಾಯಿ ಚಪ್ಪಲಿಯಲ್ಲಿ ನಿಂತು ಕ್ಯಾನ್ ಬಗ್ಗಿಸಿ ಪಾದದ ಮೇಲೆ ಒಂದು ಚಮಚದಷ್ಟು ಬೀಳಿಸಿಕೊಂಡೆ. ಎರಡು ಚೊಂಬು ನೀರು ಹೊಯ್ದು, ಉರಿ ಇಳಿಯಿತು ಅಂತ ಶೀಟ್ ಒತ್ತುವ ರೋಲರ್ ತಿರುಗಿಸಲು ಹೋದೆ. ಸಂಜೆಗೆ ಚಪ್ಪಲಿಯ ಪಟ್ಟಿಯ ಅಡಿಯಲ್ಲಿ ಬೊಬ್ಬೆ. ಪಟ್ಟಿಯಲ್ಲಿ ಆಸಿಡ್ ಉಳಿದಿತ್ತು, ಅದನ್ನೇ ದಿನವಿಡೀ ಹಾಕಿಕೊಂಡು ತಿರುಗಿದ್ದೆ. ಕಲೆ ಈಗಲೂ ಇದೆ.

ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ, ಮುಖ ಅಥವಾ ಮರ್ಮಾಂಗಕ್ಕೆ ಬಿದ್ದಿದ್ದರೆ ತೊಳೆದ ಮೇಲೆ ಸೀದಾ ಆಸ್ಪತ್ರೆಗೆ. ದೊಡ್ಡ ಗಾಯದ ಮೂಲಕ ಈ ಆಸಿಡ್ ರಕ್ತಕ್ಕೂ ಸೇರುತ್ತದೆ.

ಕಣ್ಣಿಗೆ ಸಿಡಿದರೆ? ಆಸ್ಪತ್ರೆ 25 ಕಿಲೋಮೀಟರ್ ದೂರ.

ಹೊರಡುವ ಮೊದಲೇ ತೊಳೆಯಬೇಕು. ಗಾಡಿ ಹುಡುಕುವ ಹೊತ್ತಿನಲ್ಲೇ ಕಣ್ಣು ಹಾಳಾಗುತ್ತದೆ. ರೆಪ್ಪೆಯನ್ನು ಬೆರಳಲ್ಲಿ ಬಿಡಿಸಿ ಹಿಡಿದು, ಮೂಗಿನ ಬದಿಯಿಂದ ಕಿವಿಯ ಬದಿಗೆ ನೀರು ಹರಿಯುವಂತೆ 20 ನಿಮಿಷ ತೊಳೆಯಿರಿ. ಒಬ್ಬರಿಂದ ಆಗುವುದಿಲ್ಲ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರು ಹಿಡಿಯಬೇಕು. ದಾರಿಯಲ್ಲೂ ಬಾಟ್ಲಿಯಿಂದ ನೀರು ಬಿಡುತ್ತಿರಿ. ಶೆಡ್ಡಿನಲ್ಲಿ ನಲ್ಲಿಗೆ ಒಂದು ಗಜ ಉದ್ದದ ಮೆತ್ತನೆ ಪೈಪ್ ಸಿಕ್ಕಿಸಿಟ್ಟಿದ್ದರೆ ಈ ಕೆಲಸ ಸಲೀಸು.

ನುಂಗಿದರೆ ಉಪ್ಪುನೀರು ಕೊಟ್ಟು ವಾಂತಿ ಮಾಡಿಸಬಹುದಾ?

ಬೇಡವೇ ಬೇಡ. ಇಳಿಯುವಾಗ ಸುಟ್ಟ ಗಂಟಲನ್ನು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಅಡುಗೆ ಸೋಡಾ ಕುಡಿಸಬೇಡಿ, ಹೊಟ್ಟೆಯಲ್ಲಿ ಗ್ಯಾಸ್ ಉಬ್ಬಿ ಸುಟ್ಟ ಜಾಗ ಹರಿಯಬಹುದು. ಬಾಯಿ ಮುಕ್ಕಳಿಸಿ ಉಗುಳಿಸಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಹೊರಡಿ. ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಯಾದರೆ ಒಳ್ಳೆಯದು. ಕ್ಯಾನಿನ ಲೇಬಲ್ಲಿನ ಫೋಟೊ ಫೋನಲ್ಲಿ ತೆಗೆದುಕೊಂಡು ಹೋಗಿ. ಬರೀ "ಆಸಿಡ್" ಅನ್ನಬೇಡಿ, "ಫಾರ್ಮಿಕ್ ಆಸಿಡ್" ಅನ್ನಿ. ವೈದ್ಯರಿಗೆ ಈ ಒಂದು ಪದದಿಂದ ಬಹಳ ವ್ಯತ್ಯಾಸ ಆಗುತ್ತದೆ.

ನೆಲಕ್ಕೆ ಚೆಲ್ಲಿತು. ಏನು ಹಾಕಿ ಒರೆಸುವುದು?

ನೆಲಕ್ಕೆ ಮಾತ್ರ ಸುಣ್ಣ, ಸೋಡಾ ಸರಿ. ಮೊದಲು ಬಾಗಿಲು ಕಿಟಕಿ ತೆರೆದು ಮಕ್ಕಳು, ನಾಯಿ, ಕೋಳಿ ಆಚೆ. ಒಣ ಮರಳು ಅಥವಾ ಮಣ್ಣಿನ ಒಡ್ಡು ಹಾಕಿ ಹರಡದಂತೆ ತಡೆಯಿರಿ. ಮೇಲೆ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಅಥವಾ ಅಡಿಕೆಗೆ ಬಿಡುವ ಬೋರ್ಡೋ ಮದ್ದಿಗೆ ತಂದ ಸುಣ್ಣದ ಪುಡಿ ಉದುರಿಸಿ. ಅದು ನೀರು ಕಾಣಿಸಿ ಅರಳಿಸಿದ ಸುಣ್ಣ ಆಗಿರಬೇಕು. ಸುಟ್ಟ ಹಸಿ ಸುಣ್ಣದ ಕಲ್ಲು ಹಾಕಿದರೆ ವಿಪರೀತ ಬಿಸಿಯಾಗುತ್ತದೆ. ಸೋಡಾ ಹಾಕಿದರೆ ನೊರೆ ಬರುತ್ತದೆ, ನೊರೆ ನಿಂತಿತು ಅಂದರೆ ಹುಳಿ ಮುರಿಯಿತು.

ಒಂದು ಲೀಟರ್ 85% ಆಸಿಡ್ ಮುರಿಯಲು ಸುಮಾರು 1.2 ಕೆ.ಜಿ. ವಾಷಿಂಗ್ ಸೋಡಾ ಪುಡಿ, ಅಡುಗೆ ಸೋಡಾ ಆದರೆ ಹೆಚ್ಚುಕಡಿಮೆ 2 ಕೆ.ಜಿ. ಬೇಕು. ಅಂಗಡಿಯ ಸಣ್ಣ ಸೋಡಾ ಪ್ಯಾಕೆಟ್ ಏನೇನೂ ಸಾಲದು. ಆದ್ದರಿಂದ ಶೆಡ್ಡಿನಲ್ಲಿ ಒಂದು ಡಬ್ಬ ಇಟ್ಟುಕೊಳ್ಳಿ.

## ಇನ್ನೂ ಒಳಗೆ ಹೋಗುವವರಿಗೆ

ಇದರ ಹತ್ತಿರ ಏನನ್ನು ಇಡಬಾರದು, ಏನನ್ನು ಸೇರಿಸಬಾರದು?

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಹಾಲಿಗೆ ಹಾಕುವ ಸೋಡಿಯಂ ಸಲ್ಫೈಟ್, ಬೈಸಲ್ಫೈಟ್ ಪುಡಿಯ ಮೇಲೆ ಗಟ್ಟಿ ಆಸಿಡ್ ಬಿದ್ದರೆ ಗಂಧಕದ ಹೊಗೆ ಏಳುತ್ತದೆ. ಎಲ್ಲಕ್ಕಿಂತ ಮೋಸದ್ದು ಗಟ್ಟಿ ಸಲ್ಫ್ಯೂರಿಕ್ ಆಸಿಡ್. ಅದು ಫಾರ್ಮಿಕ್‌ನ ನೀರಿನ ಅಂಶ ಕಿತ್ತುಕೊಂಡು ಉಳಿದದ್ದನ್ನೆಲ್ಲ ಕಾರ್ಬನ್ ಮಾನಾಕ್ಸೈಡ್ ಮಾಡಿಬಿಡುತ್ತದೆ. ಲ್ಯಾಬಿನಲ್ಲಿ ಆ ಅನಿಲ ಬೇಕಾದಾಗ ತಯಾರಿಸುವ ವಿಧಾನವೇ ಇದು. ಎರಡು ಕ್ಯಾನಿನ ತಳದಲ್ಲಿ ಉಳಿದದ್ದನ್ನು "ಎರಡೂ ಆಸಿಡ್ಡೇ ಅಲ್ವಾ" ಅಂತ ಒಂದಕ್ಕೆ ಸುರಿಯಬೇಡಿ.

ಸಲ್ಫ್ಯೂರಿಕ್ ಅಗ್ಗ. ಅದನ್ನೇ ಬಳಸಿದರೆ ಏನಾಗ್ತದೆ?

ಹಾಲು ಹೆಪ್ಪಾಗುತ್ತದೆ. ಆದರೆ ಅದು ಆವಿಯಾಗುವ ಆಸಿಡ್ ಅಲ್ಲ. ಸರಿಯಾಗಿ ತೊಳೆಯದಿದ್ದರೆ ಶೀಟ್‌ನಲ್ಲೇ ಉಳಿದು ರಬ್ಬರನ್ನು ಕೆಡಿಸುತ್ತದೆ, ರೋಲರನ್ನೂ ತಿನ್ನುತ್ತದೆ. ಶೀಟ್ ತೊಳೆದ ನೀರಿನಿಂದ ಗೋಬರ್ ಗ್ಯಾಸ್ ಮಾಡುವವರಿಗೆ ಇನ್ನೊಂದು ತಾಪತ್ರಯ. ನೀರಿನಲ್ಲಿರುವ ಸಲ್ಫೇಟ್ ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯದ್ದು. ಅದೂ ವಿಷ, ಒಲೆಯ ಬರ್ನರನ್ನೂ ತಿನ್ನುತ್ತದೆ.

ಬೇರೆ ಆಸಿಡ್ ಸುಡುತ್ತದೆ, ಇದು ವಿಷವೂ ಹೌದು ಅಂತೀರಿ. ಹೇಗೆ?

ಕಳ್ಳಭಟ್ಟಿ ದುರಂತಗಳಲ್ಲಿ ಜನ ಕಣ್ಣು ಕಳೆದುಕೊಳ್ಳುವುದನ್ನು ಕೇಳಿದ್ದೀರಿ. ಅಲ್ಲಿ ಕುಡಿದದ್ದು ಮೆಥನಾಲ್. ಲಿವರ್ ಅದನ್ನು ಕೊನೆಗೆ ಫಾರ್ಮಿಕ್ ಆಸಿಡ್ ಮಾಡುತ್ತದೆ. ಕಣ್ಣಿನ ನರ ಹಾಳುಮಾಡುವುದು ಅದೇ. ಜೀವಕೋಶ ಆಮ್ಲಜನಕ ಬಳಸಲು ಬೇಕಾದ ಒಂದು ಕಿಣ್ವಕ್ಕೆ ಇದು ಅಡ್ಡ ಬರುತ್ತದೆ. ಉಸಿರಾಡಿದರೂ ಒಳಗೆ ಕೋಶಕ್ಕೆ ಉಸಿರು ಕಟ್ಟಿದ ಹಾಗೆ. ರಕ್ತದಲ್ಲಿ ಹುಳಿ ಏರುತ್ತದೆ, ಕೆಂಪು ರಕ್ತಕಣ ಒಡೆಯುತ್ತದೆ, ಒಡೆದದ್ದು ಮೂತ್ರಪಿಂಡಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ನುಂಗಿದವರ ಮೂತ್ರ ಕೋಕಾ ಕೋಲಾ ಬಣ್ಣಕ್ಕೆ ತಿರುಗುವುದು ಇದೇ ಕಾರಣಕ್ಕೆ. ಬಾಯಿಯ ಗಾಯ ಸಣ್ಣದು ಅಂತ ಮನೆಯಲ್ಲೇ ಉಳಿಯಬಾರದು ಅನ್ನುವುದೂ ಇದಕ್ಕೇ.

ವಾಸನೆ ಎಷ್ಟು ಹೊತ್ತು ಕುಡಿದರೆ ತೊಂದರೆ?

ಎಂಟು ಗಂಟೆಯ ಕೆಲಸಕ್ಕೆ ಗಾಳಿಯಲ್ಲಿ ಸರಾಸರಿ 5 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಐದು ಪಾಲು ಆವಿ) ದಾಟಬಾರದು ಎಂಬುದು ಅಮೆರಿಕದಲ್ಲಿ ಪಾಲಿಸುವ ಮಿತಿ. 30 ಪಿಪಿಎಂ ಅಂದರೆ ಕೂಡಲೇ ಹೊರಗೆ ಓಡಬೇಕಾದ ಮಟ್ಟ. ನಮ್ಮ ಶೆಡ್ಡಿನಲ್ಲಿ ಅಳೆಯುವ ಯಂತ್ರ ಎಲ್ಲಿಂದ? ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ ಶುರುವಾದರೆ ಹೊರಗೆ ಬನ್ನಿ. ಬಟ್ಟೆಯ ಮಾಸ್ಕ್, ಕೊರೊನಾ ಕಾಲದ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಟಾರ್ಪಲ್ ಇಳಿಬಿಟ್ಟು ಒಳಗೇ ಕಲಸುವುದು ನಮ್ಮಲ್ಲಿ ಮಾಮೂಲು. ಒಂದು ಬದಿಯನ್ನಾದರೂ ಎತ್ತಿ ಕಟ್ಟಿ. ಆವಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಬಗ್ಗಿ ಕೆಲಸ ಮಾಡುವವರಿಗೆ ಜಾಸ್ತಿ ತಾಗುತ್ತದೆ.

ಜೇನುಪೆಟ್ಟಿಗೆಗೂ ಇದನ್ನೇ ಇಡ್ತಾರಂತೆ. ಉಳಿದ ಆಸಿಡ್ ಹಾಕಿ ನೋಡಲಾ?

ವರೋವಾ ಎಂಬ ನುಸಿಗೆ ಇಡುತ್ತಾರೆ, ನಿಜ. ಮುಚ್ಚಿದ ಮರಿಕೋಣೆಯ ಒಳಗಿನ ನುಸಿಯನ್ನೂ ಆವಿ ಕೊಲ್ಲುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಆದರೆ ಅದು ಮುಖ್ಯವಾಗಿ ಹೊರದೇಶದಿಂದ ತಂದು ಸಾಕುವ ಮೆಲ್ಲಿಫೆರಾ ಜೇನಿನ ಸಮಸ್ಯೆ. ನಾವು ಸಾಕುವ ಊರಿನ ತುಡುವೆ ಜೇನು ಈ ನುಸಿಯ ಮೂಲ ಮನೆ. ಎರಡೂ ಒಟ್ಟಿಗೆ ಬದುಕಲು ಕಲಿತಿವೆ. ನುಸಿ ಹೆಚ್ಚಾಗಿ ಗಂಡು ಮರಿಕೋಣೆಯಲ್ಲೇ ಸಂತಾನ ಮಾಡುತ್ತದೆ. 1991–92ರಲ್ಲಿ ನಮ್ಮ ಕಡೆಯ ತುಡುವೆ ಕುಟುಂಬಗಳನ್ನು ಬರಿದು ಮಾಡಿದ್ದು ಥಾಯ್ ಸ್ಯಾಕ್‌ಬ್ರೂಡ್ ವೈರಸ್. ಅದಕ್ಕೆ ಈ ಆಸಿಡ್ ಮದ್ದಲ್ಲ. ಮೇಲಾಗಿ ಹಗಲಿನ ಸೆಕೆ 30 ಡಿಗ್ರಿಯ ಹತ್ತಿರ ಬಂದರೆ ಆವಿ ಒಮ್ಮೆಲೇ ಎದ್ದು ರಾಣಿಯನ್ನೇ ಕೊಲ್ಲಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಪುತ್ತೂರಿನ ಸೆಕೆ ನಿಮಗೇ ಗೊತ್ತುಂಟಲ್ಲ. ರಬ್ಬರಿನ ಆಸಿಡ್ ರಬ್ಬರ್ ಶೆಡ್ಡಿನಲ್ಲೇ ಇರಲಿ.